ದಿಡ್ಡಿ ಬಾಗಿಲಿಗೂ ಒಂದು ಬೀಗ



ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಬರೆದವರು ತುಮಕೂರು ರಸ್ತೆಯ ಮಾಕಳಿಯವರು. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತಂತೆ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಅವರು ಬಿಟ್ಟುಹೋದ ಮೇಜಿನ ಕಂಪ್ಯೂಟರ್. ಗಿರಾಕಿಗಳ ಅಳತೆ, ಸ್ತ್ರೀಶಕ್ತಿ ಸಂಘದ ಸಾಲದ ಲೆಕ್ಕ, ಮಗಳ ಅಂಕಪಟ್ಟಿ, ಯಜಮಾನರ ಫೋಟೋಗಳು ಎಲ್ಲವೂ ಅದರಲ್ಲೇ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದ ಮೇಲೆ ಮನೆಗೆ ಬಂದುಹೋಗುವವರೂ ಹೆಚ್ಚಿದ್ದಾರಂತೆ.

ಅವರು ಕೇಳಿರುವುದು ಇಷ್ಟು: “ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ, ಯಾರಿಗೂ ಹೇಳಿಲ್ಲ. ಆದರೂ ರಜೆಗೆ ಬಂದ ತಮ್ಮನ ಮಗ ಒಂದು ಪೆನ್‌ಡ್ರೈವ್ ಸಿಕ್ಕಿಸಿ, ನನ್ನ ಪಾಸ್‌ವರ್ಡ್ ಕೇಳದೆಯೇ ಫೋಟೋಗಳನ್ನೆಲ್ಲ ತೆಗೆದು ತೋರಿಸಿ ನಕ್ಕ. ಅವನೇನೋ ನಮ್ಮ ಹುಡುಗ. ಬೇರೆಯವರಾಗಿದ್ದರೆ?”

ಒಳ್ಳೆಯ ಪ್ರಶ್ನೆ ಅಲ್ಲವೇ? ನಮ್ಮಲ್ಲಿ ಎಷ್ಟು ಜನ ಈ ಧೈರ್ಯದಲ್ಲೇ ಇದ್ದೇವೆ ಹೇಳಿ!

ನೋಡಿ, ನಾವು ದಿನಾ ಒತ್ತುವ ಪಾಸ್‌ವರ್ಡ್ ವಿಂಡೋಸ್‌ನದು. ವಿಂಡೋಸ್ ಎದ್ದು ಕೂತ ಮೇಲಷ್ಟೇ ಅದಕ್ಕೆ ಕೆಲಸ. ಅದಕ್ಕೂ ಮೊದಲು, ಗುಂಡಿ ಒತ್ತಿದ ಕೂಡಲೇ, ಒಳಗಿನ ಬಯೋಸ್ ಎಂಬ ಪುಟ್ಟ ಕಾರ್ಯಕ್ರಮ ಎಚ್ಚರಾಗುತ್ತದೆ. ಈಗಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್‌ಐ. ಯಾವ ಡಿಸ್ಕಿನಿಂದ ಯಂತ್ರ ಏಳಬೇಕೆಂದು ನೋಡುವುದು ಇದರ ಕೆಲಸ. ಪೆನ್‌ಡ್ರೈವಿನಿಂದ ಏಳು ಅಂದರೆ ಅದರಿಂದಲೇ ಏಳುತ್ತದೆ. ಆಗ ವಿಂಡೋಸ್ ಮಲಗಿಯೇ ಇರುತ್ತದೆ, ಅದರ ಪಾಸ್‌ವರ್ಡೂ ಮಲಗಿರುತ್ತದೆ!

ಮಾಕಳಿಯ ಹೆದ್ದಾರಿಯಲ್ಲೇ ಮುಂದೆ ಹೋದರೆ ಚಿತ್ರದುರ್ಗ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಲ್ಲಲ್ಲ, ಒಂದು ಸಣ್ಣ ಕಿಂಡಿಯಲ್ಲಿ. ಅಲ್ಲಿ ಒನಕೆ ಹಿಡಿದು ನಿಂತವಳು ನಮ್ಮ ಓಬವ್ವ. ಕಂಪ್ಯೂಟರಿನ ಕಿಂಡಿ ಈ ಪೆನ್‌ಡ್ರೈವ್ ಜಾಗ. ಇದು ಹೊಸ ಕಥೆಯೂ ಅಲ್ಲ. 1986ರಲ್ಲಿ ಲಾಹೋರಿನಿಂದ ಹೊರಟ ‘ಬ್ರೈನ್’ ಎಂಬ ವೈರಸ್, ಫ್ಲಾಪಿಯನ್ನು ಒಳಗೇ ಬಿಟ್ಟು ಯಂತ್ರ ಚಾಲೂ ಮಾಡಿದಾಗಲೇ ಒಳಗೆ ಸೇರುತ್ತಿತ್ತು.

ಹಾಗಾದರೆ ಏನು ಮಾಡಬೇಕು? ಅಡಿಗೆಯ ಹಾಗೆಯೇ ಇಲ್ಲೂ ಕ್ರಮ ಮುಖ್ಯ. ಒಗ್ಗರಣೆ ಮೊದಲು ಹಾಕಿ ಬೇಳೆ ಆಮೇಲೆ ಬೇಯಿಸಲಾಗದು.

ಮೊದಲನೆಯದು, ಬೇಕಾದ ಫೋಟೋ, ಲೆಕ್ಕಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ ಬೀರುವಿನಲ್ಲಿಡಿ. ಯಂತ್ರ ಈಗಾಗಲೇ ಬಿಟ್‌ಲಾಕರ್ ಬೀಗದಲ್ಲಿದೆಯೇ ಎಂದೂ ನೋಡಿ. ಇದ್ದರೆ ಅದರ 48 ಅಂಕಿಯ ಕೀಲಿಸಂಖ್ಯೆಯನ್ನು ಬರೆದುಕೊಳ್ಳದೆ ಮುಂದೆ ಹೆಜ್ಜೆ ಇಡಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಎರಡನೆಯದು, ಯಂತ್ರ ಚಾಲೂ ಆಗುವಾಗ ಎಫ್2 ಅಥವಾ ಡಿಲೀಟ್ ಗುಂಡಿಯನ್ನು ಟಕಟಕ ಒತ್ತಿ. ಕೆಲವು ಕಂಪನಿಗಳದ್ದು ಎಫ್10, ಕೆಲವದ್ದು ಎಸ್ಕೇಪ್. ಒಂದು ಪಟ್ಟಿ ತೆರೆಯುತ್ತದೆ. ಸೆಕ್ಯೂರಿಟಿ ಎಂಬ ಕಡೆ ಎರಡು ಪಾಸ್‌ವರ್ಡುಗಳಿರುತ್ತವೆ. ಅಡ್ಮಿನಿಸ್ಟ್ರೇಟರ್ ಅಥವಾ ಸೂಪರ್‌ವೈಸರ್ ಎಂಬುದು ಈ ಪಟ್ಟಿಯನ್ನೇ ಕಾಯುವ ಬೀಗ. ಯೂಸರ್ ಅಥವಾ ಪವರ್ ಆನ್ ಎಂಬುದು ಚಾಲೂ ಮಾಡಿದಾಗಲೆಲ್ಲ ಕೇಳುವಂಥದು. ಮೊದಲನೆಯದು ಎಲ್ಲರಿಗೂ ಬೇಕು. ಹತ್ತು ಜನ ಓಡಾಡುವ ಮನೆಯಾದರೆ ಎರಡನೆಯದೂ ಇರಲಿ.

ಮೂರನೆಯದು ಬೂಟ್ ಕ್ರಮ. ಒಳಗಿನ ಡಿಸ್ಕನ್ನು ಮೊದಲಿಗಿಟ್ಟು, ಯುಎಸ್‌ಬಿ ಮತ್ತು ನೆಟ್‌ವರ್ಕಿನಿಂದ ಏಳುವುದನ್ನು ನಿಲ್ಲಿಸಿ. ಎಫ್12ರಂಥ ಗುಂಡಿ ಒತ್ತಿದರೆ ಬೇರೆ ಡಿಸ್ಕ್ ಆರಿಸುವ ಪಟ್ಟಿ ಬರುವುದುಂಟು. ಅದೂ ಪಾಸ್‌ವರ್ಡ್ ಕೇಳುತ್ತದೋ ಇಲ್ಲವೋ ಪರೀಕ್ಷಿಸಿ. ಆದರೆ ಅವಸರದಲ್ಲಿ ಯುಎಸ್‌ಬಿ ಜಾಗಗಳನ್ನೇ ಪೂರ್ತಿ ಮುಚ್ಚಬೇಡಿ ತಾಯಿ! ಕೀಲಿಮಣೆ, ಮೌಸ್ ಕೂಡ ಅಲ್ಲೇ ಸಿಕ್ಕಿಸಿರುವುದು. ಒಳಗೆ ನಿಂತು ಅಗಳಿ ಹಾಕಿ, ಕೀಲಿಯನ್ನು ಕಿಟಕಿಯಿಂದಾಚೆ ಎಸೆದ ಹಾಗಾದೀತು.

ನಾಲ್ಕನೆಯದು ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8ರ ಜೊತೆಗೆ ಬಳಕೆಗೆ ಬಂದದ್ದು. ಏಳಿಸುವ ಕಾರ್ಯಕ್ರಮಕ್ಕೆ ನಂಬಿಕಸ್ತರ ಸಹಿ ಇದೆಯೇ ಎಂದು ನೋಡಿ ಒಳಗೆ ಬಿಡುತ್ತದೆ. ಯಂತ್ರ ಹಳೆಯ ಲೆಗಸಿ ಪದ್ಧತಿಯಲ್ಲಿದ್ದರೆ ಮಾತ್ರ ಇದನ್ನು ಮುಟ್ಟಬೇಡಿ. ವಿಂಡೋಸ್ ಏಳದೇ ಹೋದೀತು. ಬಲ್ಲವರನ್ನು ಕೇಳಿ ಮಾಡಿಸಿ.

ಇಷ್ಟೆಲ್ಲ ಆದ ಮೇಲೂ ಒಂದು ಸಂದು ಉಳಿಯುತ್ತದೆ. ಯಂತ್ರದ ಹೊಟ್ಟೆಯಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇದೆ. ಎಷ್ಟೋ ಮೇಜಿನ ಯಂತ್ರಗಳಲ್ಲಿ ಪೆಟ್ಟಿಗೆ ಬಿಚ್ಚಿ ಅದನ್ನು ತೆಗೆದರೆ ಬಯೋಸ್ ಪಾಸ್‌ವರ್ಡೇ ಅಳಿಸಿಹೋಗುತ್ತದೆ. ಇಲ್ಲವೇ ಡಿಸ್ಕನ್ನೇ ಕಿತ್ತು ಬೇರೆ ಯಂತ್ರಕ್ಕೆ ಹಾಕಿ ಓದಬಹುದು. ಇದಕ್ಕೆ ಮದ್ದು ಡಿಸ್ಕಿನಲ್ಲಿರುವುದನ್ನೇ ಗೂಢಲಿಪಿ ಮಾಡಿಡುವುದು. ಬಿಟ್‌ಲಾಕರ್, ಡಿವೈಸ್ ಎನ್‌ಕ್ರಿಪ್ಷನ್ ಎನ್ನುವುದು ಇದನ್ನೇ. ಮಾಕಳಿಯ ಸೋದರಿಯ ಫೋಟೋಗಳು ಹುಡುಗನಿಗೆ ಕಂಡವೆಂದರೆ ಅವರ ಡಿಸ್ಕಿಗೆ ಈ ಕಾವಲು ಇಲ್ಲ ಎಂದೇ ಅರ್ಥ. ಅವರು ಇದನ್ನು ಕಡೆಯ ಹೆಜ್ಜೆಯಾಗಿ ಮಾಡಿಸಿಕೊಳ್ಳಲಿ.

ಈಗ ಆ 48 ಅಂಕಿಯ ವಿಷಯ. ನಮ್ಮ ಬಂಧುಗಳ ಮನೆಯಲ್ಲೇ ನಡೆದದ್ದು. ಎಲ್ಲಾ ಬೀಗಗಳನ್ನೂ ಅಚ್ಚುಕಟ್ಟಾಗಿ ಹಾಕಿದ್ದವರು ಮನೆಯ ಯಜಮಾನರು. ಒಂದು ದಿನ ಇದ್ದಕ್ಕಿದ್ದಂತೆ ಎದೆನೋವು ಬಂತು, ಹೋಗಿಬಿಟ್ಟರು. ಕೆಲವು ತಿಂಗಳಾದ ಮೇಲೆ ಮಗ ಬಯೋಸ್‌ನಲ್ಲಿ ಏನೋ ಬದಲಾಯಿಸಿದ. ಅಷ್ಟೇ, ಯಂತ್ರ 48 ಅಂಕಿ ಕೇಳಿ ಕೂತುಬಿಟ್ಟಿತು. ಬಯೋಸ್ ಬದಲಾದರೆ ಕಳ್ಳನೇ ಬಂದನೆಂದು ಅದಕ್ಕೆ ಅನುಮಾನ. ಸಂಖ್ಯೆ ಇದ್ದದ್ದು ಯಜಮಾನರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯ ಪಾಸ್‌ವರ್ಡ್ ಇದ್ದದ್ದು ಅವರ ತಲೆಯಲ್ಲಿ. ಮಕ್ಕಳ ನಾಮಕರಣ, ತೊಟ್ಟಿಲು, ಮೊದಲ ಹೆಜ್ಜೆ ಎಲ್ಲವೂ ಆ ಪೆಟ್ಟಿಗೆಯಲ್ಲೇ ಉಳಿದವು. ಆಕೆ ಈಗಲೂ ದಿನಾ ಅದರ ಧೂಳು ಒರೆಸುತ್ತಾರೆ.

ಕಳ್ಳನಿಗೂ ಮನೆಯವರಿಗೂ ಬೀಗಕ್ಕೆ ವ್ಯತ್ಯಾಸ ತಿಳಿಯದು. ಆ ವ್ಯತ್ಯಾಸ ತಿಳಿಸುವುದು ಕೀಲಿ ಒಂದೇ. ಆದ್ದರಿಂದ ಬೀಗ ಹಾಕುವ ದಿನವೇ ಕೀಲಿ ಯಾರ ಕೈಗೆ ಎಂದು ತೀರ್ಮಾನಿಸಿ. ಬಯೋಸ್ ಪಾಸ್‌ವರ್ಡ್, 48 ಅಂಕಿ, ಖಾತೆಯ ಹೆಸರು, ಈ ಮೂರನ್ನೂ ದಪ್ಪ ಕಾಗದದಲ್ಲಿ ಬರೆದು, ಎರಡು ಸಲ ಸರಿನೋಡಿ, ಮನೆಪತ್ರ ಮತ್ತು ವಿಮೆಯ ಕಾಗದಗಳ ಜೊತೆಗಿಡಿ. ಕಂಪ್ಯೂಟರಿನ ಮೇಲೆ ಮಾತ್ರ ಅಂಟಿಸಬೇಡಿ! ನಂಬಿಕೆಯ ಇನ್ನೊಬ್ಬರಿಗೆ ಆ ಕಾಗದ ಎಲ್ಲಿದೆಯೆಂದು ತಿಳಿದಿರಲಿ. ಮನೆಯ ಯಂತ್ರಕ್ಕೆ ಯಜಮಾನರು ಬೀಗ ಹಾಕಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ ಬರೆದುಕೊಳ್ಳಿ. ಅಪಶಕುನ ಅಂದುಕೊಳ್ಳಬೇಡಿ. ಬೀರುವಿನ ಕೀಲಿ ಎಲ್ಲಿದೆ ಅಂತ ಕೇಳುವುದು ಅಪಶಕುನವೇ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ. ಮಾಕಳಿಯ ಸೋದರಿ, ನಿಮ್ಮ ಕೋಟೆ ಸೂರೆ ಹೋಗಿಲ್ಲ. ಕಿಂಡಿ ತೋರಿಸಿಕೊಟ್ಟ ಹುಡುಗನಿಗೆ ಒಂದು ಕೋಡುಬಳೆ ಹೆಚ್ಚಿಗೆ ಕೊಡಿ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬೀಗ ಹಾಕಿಸಿ. ಪಾಸ್‌ವರ್ಡ್ ಒತ್ತುವಾಗ ಮಾತ್ರ, ನೀರು ತಗೊಂಡು ಬಾ ಅಂತ ಒಳಗೆ ಕಳಿಸಿ!