ಆ ಬ್ಯಾಂಡ್‌ಸ್ಟ್ಯಾಂಡ್ ಮೌನವಾಗಿರಬಾರದು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ,

ಟೆನೆಸಿಯ ಜಾನ್ಸನ್ ಸಿಟಿಯಲ್ಲಿ ಮೌಂಟನ್ ಹೋಮ್ ಎಂಬ ಮಾಜಿ ಸೈನಿಕರ ನಿಲಯವಿದೆ. ಅಲ್ಲಿನ ಹುಲ್ಲುಹಾಸಿನ ಮೇಲೊಂದು ಬ್ಯಾಂಡ್‌ಸ್ಟ್ಯಾಂಡ್. ಹಿಂದೆ ಕೂತವರಿಗೂ ವಾದ್ಯಗಾರರು ಕಾಣುವಂತೆ ಎತ್ತರದ ಜಗಲಿ, ಮೇಲೆ ಸೂರು, ಸುತ್ತಲೂ ಬಯಲು. ದಾರಿಹೋಕರಿಗೆ ಅದು ತೋಟದ ಅಲಂಕಾರವಾಗಿ ಕಂಡೀತು. ಅದನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಬೇರೆ. ಅದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1865ರ ಮಾರ್ಚ್ 3ರಂದು ಅಬ್ರಹಾಂ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಅಂತರ್ಯುದ್ಧದಲ್ಲಿ ಅಂಗವಿಕಲರಾದ ಸ್ವಯಂಸೇವಕ ಸೈನಿಕರಿಗೆ ರಾಷ್ಟ್ರೀಯ ನಿಲಯಗಳನ್ನು ಕಟ್ಟುವ ಕಾಯ್ದೆ ಅದು. ಮರುದಿನವೇ, ಎರಡನೇ ಬಾರಿ ಅಧಿಕಾರ ಸ್ವೀಕರಿಸುತ್ತ, ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಗುವನ್ನೂ ನೋಡಿಕೊಳ್ಳುವುದು ದೇಶದ ಹೊಣೆ ಎಂದರು. ಆರು ವಾರಗಳಲ್ಲಿ ಅವರೇ ಗುಂಡಿಗೆ ಬಲಿಯಾದರು. ಆದರೆ ಮಾತು ಉಳಿಯಿತು. 1866ರಲ್ಲಿ ಮೇನ್ ರಾಜ್ಯದ ಟೋಗಸ್‌ನಲ್ಲಿ ಮೊದಲ ನಿಲಯ ತೆರೆಯಿತು; ಡೇಟನ್, ಮಿಲ್ವಾಕಿ, ಹ್ಯಾಂಪ್ಟನ್ ಹಿಂಬಾಲಿಸಿದವು. 1884ರಲ್ಲಿ, ಮುಪ್ಪಿನಿಂದ ಸೋತ ಸೈನಿಕನಿಗೂ ಬಾಗಿಲು ತೆರೆಯಿತು. 1903ರಲ್ಲಿ ಮೌಂಟನ್ ಹೋಮ್ ಬಂತು.

ಈ ನಿಲಯಗಳಲ್ಲಿ ಊಟವಿತ್ತು, ಹಾಸಿಗೆಯಿತ್ತು, ವೈದ್ಯರಿದ್ದರು. ಆದರೂ ಒಂಟಿ ಕಾಲಿನ ಮನುಷ್ಯ ಇಡೀ ಮಧ್ಯಾಹ್ನ ಏನು ಮಾಡಬೇಕು? ಹೊಟ್ಟೆ ತುಂಬಿದ ಮಾತ್ರಕ್ಕೆ ಬದುಕು ತುಂಬುವುದಿಲ್ಲ ಎಂಬುದು ಆ ನಿಲಯಗಳನ್ನು ನಡೆಸಿದವರಿಗೆ ತಿಳಿದಿತ್ತು. ಹಾಗಾಗಿಯೇ ಗ್ರಂಥಾಲಯ, ರಂಗಮಂದಿರ, ಬ್ಯಾಂಡ್‌ಸ್ಟ್ಯಾಂಡ್ ಕಟ್ಟಿಸಿದರು. ಅಂತರ್ಯುದ್ಧದಲ್ಲಿ ರೆಜಿಮೆಂಟಿನ ಬ್ಯಾಂಡಿನವರು ಬರೀ ವಾದ್ಯ ನುಡಿಸಿದವರಲ್ಲ. ಗುಂಡು ಹಾರತೊಡಗಿದರೆ ಕಹಳೆ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರುತ್ತಿದ್ದರು. ಆ ಸಂಗೀತ ಕೇಳಿದ ಹಳೆಯ ಸೈನಿಕನಿಗೆ ಏನೆಲ್ಲ ನೆನಪಾಗಿರಬೇಡ!

ಕೇಳಲು ಊರಿನವರೂ ಬರುತ್ತಿದ್ದರು. ಡೇಟನ್ನಿನ ನಿಲಯವಂತೂ ತನ್ನ ತೋಟ, ಕೆರೆ, ಸಂಗೀತಗಳಿಂದ ಹತ್ತೊಂಬತ್ತನೇ ಶತಮಾನದಲ್ಲೇ ದೊಡ್ಡ ಪ್ರವಾಸಿ ತಾಣವಾಗಿತ್ತು. ಊರಿನ ಮಗುವೂ ಗಾಯಗೊಂಡ ಸೈನಿಕನೂ ಒಂದೇ ಹುಲ್ಲಿನ ಮೇಲೆ ಕೂರುತ್ತಿದ್ದರು. ಬ್ಯಾಂಡ್‌ಸ್ಟ್ಯಾಂಡ್ ಮಾಡಿದ ದೊಡ್ಡ ಕೆಲಸ ಅದೇ.

1930ರಲ್ಲಿ ಈ ನಿಲಯಗಳು ಮಾಜಿ ಸೈನಿಕರ ಸರ್ಕಾರಿ ಸಂಸ್ಥೆಯಾದ ವೆಟರನ್ಸ್ ಅಡ್ಮಿನಿಸ್ಟ್ರೇಷನ್ನಿಗೆ ಸೇರಿದವು. ಚಿಕಿತ್ಸೆಯೇ ಮುಖ್ಯವಾಯಿತು, ಹಳೆಯ ಕಟ್ಟಡಗಳು ಬದಿಗೆ ಸರಿದವು. ಮಿಲ್ವಾಕಿ ನಿಲಯದ ಮುಖ್ಯ ಕಟ್ಟಡ 'ಓಲ್ಡ್ ಮೇನ್' ದಶಕಗಳ ಕಾಲ ಖಾಲಿ ಬಿದ್ದು ಸೋರಿತು. 2011ರಲ್ಲಿ ಅದು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿ ಸೇರಿತು. ಜನ ಬಿಡದೆ ಬೆನ್ನುಹತ್ತಿದರು. 2021ರಲ್ಲಿ ಅದೇ ಕಟ್ಟಡ, ಅಕ್ಕಪಕ್ಕದ ಹಳೆಯ ಕಟ್ಟಡಗಳ ಜೊತೆ ಸೇರಿ ಒಟ್ಟು 101 ಮನೆಗಳಾಗಿ, ಸೂರಿಲ್ಲದ ಮಾಜಿ ಸೈನಿಕರಿಗಾಗಿ ಮತ್ತೆ ತೆರೆಯಿತು. ಸುಮ್ಮನಿದ್ದಿದ್ದರೆ ಅದು ಉಳಿಯುತ್ತಿರಲಿಲ್ಲ.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ಈ ನೆಲದಲ್ಲಿ ಮನೆ ಕಟ್ಟಿದ್ದೇವೆ, ಮಕ್ಕಳನ್ನು ಬೆಳೆಸಿದ್ದೇವೆ. ಮಡಿದ ಸೈನಿಕರನ್ನು ನೆನೆಯುವ, ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ನಮಗೆ ಪ್ರವಾಸದ ರಜೆಯಷ್ಟೇ ಆಗಿಬಿಟ್ಟಿಲ್ಲವೇ? ಋಣದ ಮಾತನ್ನು ಮಕ್ಕಳಿಗೆ ಹೇಳಿಕೊಡುವ ನಾವು, ಪಕ್ಕದೂರಿನ ನಿಲಯದಲ್ಲಿ ಬಾಗಿಲತ್ತ ನೋಡುತ್ತ ಕೂತ ಮುದುಕನಿಗೆ ಏನೂ ಸಲ್ಲಿಸಬೇಕಿಲ್ಲವೇ? ಅಮೆರಿಕ ಮಾಡಿದ ಎಲ್ಲ ಯುದ್ಧಗಳನ್ನೂ ನೀವು ಒಪ್ಪಬೇಕಾಗಿಲ್ಲ. ಯುದ್ಧ ಹೂಡಿದವರನ್ನು ಪ್ರಶ್ನಿಸಿ, ಅದರಲ್ಲಿ ನೊಂದು ಬಂದವನನ್ನು ಒಂಟಿಯಾಗಿ ಬಿಡಬೇಡಿ.

ನಮ್ಮ ಮಕ್ಕಳು ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್, ಕ್ಲಾರಿನೆಟ್ ನುಡಿಸುತ್ತಾರೆ. ಸ್ಪರ್ಧೆಗಳಿಗೆ ಗಂಟೆಗಟ್ಟಲೆ ಕಾರು ಓಡಿಸುತ್ತೇವೆ. ಒಂದು ಸಂಜೆ ಆ ಕಾರು ಹತ್ತಿರದ ಸೈನಿಕ ನಿಲಯದತ್ತ ತಿರುಗಲಿ. ಅಲ್ಲಿನ ಸ್ವಯಂಸೇವಕರ ವಿಭಾಗವನ್ನು ವಿಚಾರಿಸಿ, ಅನುಮತಿ ಪಡೆಯಿರಿ. ನುಡಿಸಿದ ಕೂಡಲೇ ಫೋಟೋ ತೆಗೆದುಕೊಂಡು ಹೊರಡಬೇಡಿ. ಕೂತು ಮಾತಾಡಿಸಿ, ಹೆಸರು ಕೇಳಿ, ಮುಂದಿನ ತಿಂಗಳು ಮತ್ತೆ ಹೋಗಿ.

ಕನ್ನಡ ಕೂಟಗಳ ಪದಾಧಿಕಾರಿಗಳೇ, ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ಇದಕ್ಕೂ ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಸಾಲು ಇರಲಿ. ನಿಮ್ಮೂರಿನ ನಿಲಯದ ಹಳೆಯ ಕಟ್ಟಡವನ್ನೋ ಮಂಟಪವನ್ನೋ ಕೆಡವುವ ಸುದ್ದಿ ಬಂದರೆ ಪತ್ರ ಬರೆಯಿರಿ. 1966ರ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರದ ಇಲಾಖೆಗಳು ಇಂಥ ವಿಷಯದಲ್ಲಿ ಜನರ ಅಭಿಪ್ರಾಯ ಕೇಳಬೇಕು. ಆ ಜನರಲ್ಲಿ ನಾವೂ ಸೇರಿದ್ದೇವೆ.

ನವೆಂಬರ್ 11 ಮಾಜಿ ಸೈನಿಕರನ್ನು ಗೌರವಿಸುವ ವೆಟರನ್ಸ್ ಡೇ. ಅದಕ್ಕೂ ಕಾಯಬೇಡಿ. ಈ ವಾರವೇ ಫೋನ್ ಮಾಡಿ, ದಿನ ಗೊತ್ತುಮಾಡಿ, ಮಕ್ಕಳನ್ನು ಕರೆದುಕೊಂಡು ಹೊರಡಿ.