ಬಹಳ ಓಡಿದ ಕಾರನ್ನು ಕೊಳ್ಳುವ ಮುನ್ನ

ಪರಿಚಿತರೊಬ್ಬರ ಮಾರುತಿ 800 ಕಾರು ಅಲ್ಪ ಬೆಲೆಗೆ ದೊರೆಯುವಂತಿದೆಯೆಂದೂ, ಅದು 1,40,000 ಕಿಲೋಮೀಟರು ಓಡಿ ನೀಲಿ ಹೊಗೆಯನ್ನು ಉಗುಳುತ್ತಿದೆಯೆಂದೂ ತಿಳಿಸಿ, ಕೊಳ್ಳಬಹುದೇ ಎಂದು ವಾಚಕರೊಬ್ಬರು ನಮ್ಮನ್ನು ಕೇಳಿರುವರು. ಮಗಳ ಶಾಲೆಯ ಶುಲ್ಕಕ್ಕೆಂದು ಕೂಡಿಟ್ಟ ಹಣದಿಂದ ಕೊಳ್ಳುವರಂತೆ. ಆದುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವೆವು.

1983ರಿಂದ 2014ರವರೆಗೆ ತಯಾರಾದ ಈ ಮೂರು ಸಿಲಿಂಡರಿನ ಪುಟ್ಟ ಬಂಡಿಯನ್ನು ಬಲ್ಲ ಮೆಕ್ಯಾನಿಕ್ಕುಗಳು ನಮ್ಮಲ್ಲಿ ಅನೇಕರಿರುವರು. ಮಾರುವವರೇ ದೋಷವನ್ನು ಒಪ್ಪಿಕೊಂಡಿರುವುದೂ ಒಳ್ಳೆಯದೇ. ನಿರ್ದೋಷವೆಂದು ಹೊಗಳಿಸಿಕೊಂಡ ಕಾರಿಗಿಂತ, ಇಂಥದೇ ದೋಷವೆಂದು ಗೊತ್ತಾದ ಕಾರಿಗೆ ಬೆಲೆ ಕಟ್ಟುವುದು ಸುಲಭ. ಆದರೆ ಹೊಗೆಯು ಜ್ವರದಂತೆ ಬರಿಯ ಲಕ್ಷಣ. ರೋಗ ಯಾವುದೆಂದು ತಿಳಿಯಬೇಕು.

ರಾತ್ರಿಯೆಲ್ಲ ನಿಂತಿದ್ದ ಕಾರು ಬೆಳಿಗ್ಗೆ ಹೊರಟೊಡನೆ ಒಂದಿಷ್ಟು ಹೊಗೆ ಬಿಟ್ಟು ಸುಮ್ಮನಾದರೆ, ವಾಲ್ವುಗಳ ಸೀಲು ಸವೆದು ಎಣ್ಣೆ ಇಳಿಯುತ್ತಿದೆಯೆಂದು ಊಹಿಸಬಹುದು. ಇದು ಅಲ್ಪವ್ಯಯದ ಕೆಲಸ. ಏರು ಹತ್ತುವಾಗ ಎಡೆಬಿಡದೆ ಹೊಗೆ ಬಂದರೆ ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಸವೆದಿರುವ ಸಂಭವ ಹೆಚ್ಚು. ಆದಕಾರಣ ಮುಂಜಾನೆಯೇ ಹೋಗಿ, ಮೊದಲು ಬಾನೆಟ್ಟಿನ ಮೇಲೆ ಕೈಯಿಡತಕ್ಕದ್ದು. ಬೆಚ್ಚಗಿದ್ದರೆ ಎಂಜಿನ್ನನ್ನು ಮೊದಲೇ ನಡೆಸಿರುವರೆಂದು ತಿಳಿದು, ಇನ್ನೊಂದು ದಿನ ಬರುವೆವೆಂದು ಹೇಳಿ ಹಿಂದಿರುಗಬೇಕು. ಗಟ್ಟಿ ಎಣ್ಣೆಯನ್ನು ಸುರಿದು ನಾಲ್ಕು ದಿನ ಹೊಗೆಯನ್ನು ಅಡಗಿಸುವ ಜಾಣರೂ ಉಂಟು.

ಬರಿಯ ಊಹೆಯ ಮೇಲೆ ಹಣ ಕೊಡಲಾಗದು. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕನಿಗೆ ಕೂಲಿ ಕೊಟ್ಟು ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ರಂಧ್ರಕ್ಕೂ ಗೇಜು ಹಚ್ಚಿ ಎಂಜಿನ್ನನ್ನು ತಿರುಗಿಸಿದಾಗ, ಮೂರು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಸಮನಾಗಿರಬೇಕು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಪುನಃ ಅಳೆದರೆ ಗುಟ್ಟು ಹೊರಬೀಳುವುದು. ಒತ್ತಡವು ಚೆನ್ನಾಗಿ ಏರಿದರೆ ದೋಷವು ರಿಂಗಿನದು ಅಥವಾ ಗೋಡೆಯದು. ಏರದಿದ್ದರೆ ವಾಲ್ವಿನದು ಇಲ್ಲವೆ ಗ್ಯಾಸ್ಕೆಟ್ಟಿನದು.

ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಕಂಡು, ರೇಡಿಯೇಟರಿನ ನೀರೂ ಪದೇ ಪದೇ ಇಳಿಯುತ್ತಿದ್ದರೆ, ಆ ಕಾರನ್ನು ಬಿಟ್ಟುಬಿಡುವುದೇ ಲೇಸು. ಕುದಿದು ಸೊಟ್ಟಗಾದ ಹೆಡ್ಡಿನ ಖರ್ಚು ಎಲ್ಲಿಗೆ ಮುಟ್ಟುವುದೆಂದು ಮೊದಲೇ ಹೇಳುವುದು ಕಷ್ಟ.

ದೋಷವು ರಿಂಗಿನದೆಂದಾದರೆ, "ರಿಂಗು ಒಂದನ್ನೇ ಹಾಕಿಬಿಡೋಣ ಸ್ವಾಮಿ, ಸಾಕು" ಎನ್ನುವವರು ಸಿಕ್ಕೇ ಸಿಗುವರು. ದುಂಡಗಿದ್ದ ಸಿಲಿಂಡರು ಸವೆದು ಅಂಡಾಕಾರಕ್ಕೆ ತಿರುಗಿದ್ದರೆ ಹೊಸ ರಿಂಗು ಅದರಲ್ಲಿ ಸರಿಯಾಗಿ ಕೂಡುವುದಿಲ್ಲ. ಕೆಲವು ತಿಂಗಳಲ್ಲಿ ಹೊಗೆ ಮರಳುವುದು, ಕೂಲಿಯೂ ವ್ಯರ್ಥ. ಆದ್ದರಿಂದ ಅಳತೆ ಮಾಡಿಸಿ, ಬೇಕಾದರೆ ಬೋರು ಮಾಡಿಸಿ, ಅದಕ್ಕೆ ತಕ್ಕ ದೊಡ್ಡ ಅಳತೆಯ ಪಿಸ್ಟನ್ನುಗಳನ್ನೇ ಹಾಕಿಸಬೇಕು. ಬೆಂಗಳೂರಿನವರಿಗೆ ಜೆ. ಸಿ. ರಸ್ತೆಯಲ್ಲಿ ಬಿಡಿಭಾಗಗಳು ದೊರೆಯುವುವು. ರಸೀದಿಯಿಲ್ಲದೆ ಕೊಳ್ಳಕೂಡದು, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಲೂ ನಾಚಬಾರದು. ಈ ಪೂರ್ತಿ ಕೆಲಸದ ಅಂದಾಜನ್ನು ಮುಂಚೆಯೇ ಬರೆಯಿಸಿಕೊಂಡು, ಟೈರು ಬ್ಯಾಟರಿಗಳ ಖರ್ಚನ್ನೂ ಸೇರಿಸಿ, ಅದೇ ಮಾದರಿಯ ಸುಸ್ಥಿತಿಯ ಕಾರಿನ ಬೆಲೆಯಿಂದ ಕಳೆಯಿರಿ. ಉಳಿದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಬೇಡ.

ನೋಂದಣಿಯಾಗಿ 15 ವರ್ಷ ತುಂಬಿದ್ದರೆ ಕಾರನ್ನು ತಪಾಸಣೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕಾಗುವುದು. ಹೊಗೆಯುಗುಳುವ ಕಾರು ಅಲ್ಲಿ ತೊಂದರೆ ಕೊಡುವುದು ಸಹಜ. ಹೆಸರು ಬದಲಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬೀಳುವ ಮುನ್ನ ಪೂರ್ತಿ ಹಣವನ್ನು ಕೊಡತಕ್ಕದ್ದಲ್ಲ.

ರಿಪೇರಿಯಾದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರು ಮೆಲ್ಲನೆ ನಡೆಸಿ, ಬಳಿಕ ಎಣ್ಣೆಯನ್ನು ಬದಲಿಸಬೇಕು. ಮನೆಮಂದಿಯನ್ನೆಲ್ಲ ತುಂಬಿಕೊಂಡು ಶಿರಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋಗಿಬರುವ ಹರಕೆಯಿದ್ದರೆ, ಅದನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕತಕ್ಕದ್ದು.