ಕಾವಲು ಕೋವಿ ಮತ್ತು ನಮ್ಮ ಹೊಣೆ



ಮಳೆ ಹಿಂದೆ ಸರಿಯುತ್ತಿದೆ. ಅಡಿಕೆ ಗೊನೆ ಬಲಿಯುತ್ತಿದೆ. ಅರೇಬಿಕಾ ಹಣ್ಣಾಗಲು ಹೆಚ್ಚು ದಿನ ಉಳಿದಿಲ್ಲ. ಹಂದಿ, ಮಂಗ, ಕಡವೆಗಳ ಕಾಟವೂ ಇದೇ ಹೊತ್ತಿಗೆ ಏರುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಮುಗಿದು, ಒರೆಸಿ ಹೂ ಮುಡಿಸಿದ ಕೋವಿಗಳು ಮನೆಯವರ ಕೈಗೆ ಮರಳಿವೆ. ಉಳಿದ ಮಲೆನಾಡಿನಲ್ಲಿ ಆಯುಧಪೂಜೆಯ ಹೊತ್ತಿಗೆ ಕೋವಿ ಗೋಡೆಯಿಂದ ಇಳಿಯುತ್ತದೆ. ಈ ಸಂದರ್ಭದಲ್ಲಿ ಕೆಲವು ಮಾತುಗಳನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ನಮ್ಮ ದೇಶದಲ್ಲಿ ಈಗ ಜಿಂಕೆ ಬೇಟೆಗೆ ಋತು ಎಂಬುದಿಲ್ಲ. ಹಿಂದೆ ಪರವಾನಗಿ ಪಡೆದು ಶಿಕಾರಿ ಮಾಡುವ ಕಾಲವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಶಿಕಾರಿ ಪರವಾನಗಿಗಳನ್ನೇ ತೆಗೆದುಹಾಕಿತು. ಕಡವೆಯಾಗಲಿ ಕಾಡುಕುರಿಯಾಗಲಿ ನಮ್ಮ ಬೇಲಿಯೊಳಗೆ ಬಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದು ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿ, ವನ್ಯಪ್ರಾಣಿ ಹೊಡೆಯುವುದಕ್ಕಲ್ಲ. ಆದ್ದರಿಂದ ನಮ್ಮ ಮನೆಯ ಕೋವಿ ಕಾವಲಿಗೆ ಇರುವ ಕೋವಿ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಯಾವ ಕೋವಿ ಕೊಳ್ಳಬೇಕು, ರೈಫಲ್ಲಿಗೆ ಅರ್ಜಿ ಹಾಕಬಹುದೇ ಎಂದು ಯುವ ಸದಸ್ಯರು ಕೇಳುವುದುಂಟು. ತೋಟಕ್ಕೆ ರೈಫಲ್ ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ರೈಫಲ್ ಗುಂಡು ಗುರಿ ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗಬಲ್ಲುದು. ಅಷ್ಟು ದೂರದೊಳಗೆ ನಮ್ಮಲ್ಲಿ ನಾಲ್ಕು ಜನರ ತೋಟ, ಒಂದು ಕೂಲಿ ಲೈನು, ಒಂದು ಶಾಲೆ ಇರುತ್ತವೆ. 1959ರ ಆಯುಧ ಕಾಯಿದೆಯೂ ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಗೆ ಲೈಸೆನ್ಸು ಕೊಡಬಹುದು. ಅಜ್ಜನ ಕಾಲದ ಕೇಪಿನ ಕೋವಿಯನ್ನು ಕಂಡು ನಗುವವರಿದ್ದಾರೆ. ಆದರೆ ಬರೀ ಮದ್ದು ತುಂಬಿ ಒಂದು ಈಡು ಹಾರಿಸಿ ಮಂಗನ ಹಿಂಡನ್ನು ಓಡಿಸಲು ಅದಕ್ಕಿಂತ ಅಗ್ಗದ ಸಾಧನವಿಲ್ಲ. ಎರಡನೆಯ ಈಡಿಗೆ ಮೊದಲು ಯೋಚಿಸಲು ಸಮಯ ಕೊಡುವುದೂ ಅದರ ಗುಣವೇ.

ಇನ್ನು ಸಿದ್ಧತೆ. ಮಳೆಗಾಲವಿಡೀ ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಹಾಗೆ ಮುಚ್ಚಿದ ನಳಿಗೆಯಲ್ಲಿ ಈಡು ಹಾರಿಸಿದರೆ ಸಿಡಿಯುವುದು ಹಾರಿಸಿದವನ ಮುಖದ ಮುಂದೆ. ತೋಟಾ ಕೋವಿಯಾದರೆ ಮೊದಲು ಮುರಿದು, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕೀಲು ಸಡಿಲವಿದ್ದರೆ, ನಳಿಗೆ ತಗ್ಗಿದ್ದರೆ ಅಥವಾ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಲೈಸೆನ್ಸುಳ್ಳ ರಿಪೇರಿಯವರಲ್ಲಿಗೇ ಒಯ್ಯಬೇಕು. ಕೇಪಿನ ಕೋವಿಯಲ್ಲಿ ಕಳೆದ ವರ್ಷದ ಈಡು ಹಾಗೆಯೇ ಉಳಿದಿದೆಯೇ ಎಂದು ಗಜದ ಕೋಲು ಇಳಿಸಿ ಅಳೆಯಬೇಕು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಚರ್ಮದ ಚೀಲದೊಳಗೆ ಇಡುವುದೂ ಬೇಡ, ತೇವ ಅಲ್ಲೇ ನಿಲ್ಲುತ್ತದೆ. ಉಬ್ಬಿದ, ಹಿತ್ತಾಳೆ ಹಸಿರುಗಟ್ಟಿದ ತೋಟಾಗಳನ್ನು ಬಳಸಬಾರದು. ಮದ್ದನ್ನೂ ತೋಟಾವನ್ನೂ ಒಲೆಯ ಮೇಲಿನ ಅಟ್ಟದಲ್ಲಿಡುವ ಅಭ್ಯಾಸವನ್ನು ಕೂಡಲೇ ಬಿಡಬೇಕು.

ಕಾಗದಪತ್ರವನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳುವುದು ಲೇಸು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ಮೂರು ವರ್ಷಕ್ಕೊಮ್ಮೆ ಓಡಾಡುತ್ತಿದ್ದವರು ಈಗ ತಾರೀಕನ್ನೇ ಮರೆಯುವುದುಂಟು. ತಂದೆಯವರು ತೀರಿಕೊಂಡ ಮೇಲೂ ಅವರ ಹೆಸರಿನ ಕೋವಿ ಮನೆಯಲ್ಲೇ ಉಳಿದಿದ್ದರೆ ಅದನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲೋ ಇಟ್ಟು ವಾರಸುದಾರರು ಅರ್ಜಿ ಹಾಕತಕ್ಕದ್ದು. ಲೈಸೆನ್ಸಿನಲ್ಲಿ ಹೆಸರಿಲ್ಲದ ಕಾವಲಿನವನ ಕೈಗೆ ರಾತ್ರಿ ಕೋವಿ ಕೊಟ್ಟು ನಾವು ಮನೆಯಲ್ಲಿ ಮಲಗುವುದು ಅಪರಾಧವೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ಅಪಾಯ ಉಳಿಯುತ್ತದೆ. ಅದಕ್ಕಾಗಿಯೇ ಈ ಲೇಖನ. ಹಂದಿಯೆಂದು ಹಾರಿಸಿದ ಈಡಿಗೆ ಮನುಷ್ಯ ಬಲಿಯಾದ ಸುದ್ದಿ ಮಲೆನಾಡಿಗೆ ಹೊಸದಲ್ಲ. ಸತ್ತವನು ಎಷ್ಟೋ ಬಾರಿ ಜೊತೆಯಲ್ಲೇ ಮರಸು ಕೂತವನು, ಇಲ್ಲವೇ ನೆರೆಯವನು. ಕಾಫಿ ಗಿಡದ ಸಾಲಿನಲ್ಲಿ ಬಗ್ಗಿ ನಡೆಯುವ ಮನುಷ್ಯನ ಸದ್ದಿಗೂ ಹಂದಿಯ ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮೇಲಾಗಿ ಇಂದಿನ ತೋಟದಲ್ಲಿ ರಾತ್ರಿಯೂ ಜನರಿರುತ್ತಾರೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಪಂಪು ಹಾಕಲು ರೈತ ಕೆರೆಯ ಕಡೆ ನಡೆಯಲೇಬೇಕು. ಅವನ ಕೈಯ ಟಾರ್ಚು ಕೆಟ್ಟಿರಬಹುದು. ನೆರೆಯವನ ಹಂದಿ ಕಾವಲಿನ ವಿಷಯ ಅವನಿಗೆ ಗೊತ್ತಿರುವುದಿಲ್ಲ. ಒಂದು ರಾತ್ರಿಯಲ್ಲಿ ಹಂದಿ ಕಿತ್ತ ಸಸಿಗಳನ್ನು ಮತ್ತೆ ನೆಡಬಹುದು. ಒಂದೇ ಈಡಿನಲ್ಲಿ ಎರಡು ಮನೆ ಹಾಳಾಗುತ್ತವೆ, ಹೋದವನದೂ ಹೊಡೆದವನದೂ. ಆ ಲೆಕ್ಕಕ್ಕೆ ಯಾವ ಸಂಘದ ಸಾಲವೂ ಸಾಲದು.

ಆದುದರಿಂದ ಕತ್ತಲಾದ ಮೇಲೆ ಸದ್ದಿಗಾಗಲಿ, ಹೊಳೆಯುವ ಕಣ್ಣಿಗಾಗಲಿ ಗುಂಡು ಹಾರಿಸಬಾರದು. ಓಡಿಸಬೇಕಾದರೆ ಬರೀ ಮದ್ದಿನ ಈಡು ಸಾಕು. ಕಾವಲಿಗೆ ಹೊರಡುವ ಮುನ್ನ ಸುತ್ತಲಿನ ತೋಟದವರಿಗೆ ಫೋನು ಮಾಡಿ ತಿಳಿಸಬೇಕು. ಕುಡಿದವನ ಕೈಗೆ ಕೋವಿ ಹೋಗಬಾರದು. ಬೇಲಿ ದಾಟುವಾಗ, ಮನೆಗೆ ಬಂದಾಗ ಈಡು ತೆಗೆದಿರಬೇಕು. ಆನೆಗೆ ಚರೆ ಹೊಡೆಯುವ ದುಸ್ಸಾಹಸ ಬೇಡ. ನೋವು ತಿಂದ ಆನೆ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರುವ ಹೆಂಗಸರ ಮೇಲೆ ತಿರುಗುತ್ತದೆ. ಉರುಳು, ಸಿಡಿಮದ್ದುಗಳಂತೂ ಕೂಡವೇ ಕೂಡದು. ಅವು ಹಂದಿ, ಚಿರತೆ, ಹಸು ಎಂದು ನೋಡುವುದಿಲ್ಲ.

ಸಂಯಮವನ್ನು ಬೆಳೆಗಾರರಿಂದ ಮಾತ್ರ ಕೇಳಿದರೆ ನ್ಯಾಯವಾಗದು. ಬೆಳೆಗೆ ಅಪಾಯ ತಂದ ಹಂದಿಯಂಥ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರ ಪರವಾಗಿ ಅಧಿಕಾರ ಪಡೆದ ಅಧಿಕಾರಿ ಲಿಖಿತ ಅನುಮತಿ ಕೊಡಬಹುದೆಂದು ಕಾಯಿದೆಯ 11ನೇ ಕಲಮೇ ಹೇಳುತ್ತದೆ. ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸಕ್ಕೆ ಯಾರೂ ಆಸೆಪಡಬೇಕಾಗಿಲ್ಲ. ಆದರೆ ಗದ್ದೆ ಬರಿದಾದ ಮೇಲೆ ಕೈಸೇರುವ ಅನುಮತಿಯಿಂದ ರೈತನಿಗೇನು ಪ್ರಯೋಜನ? ಈ ಅರ್ಜಿಗಳು ವಲಯ ಮಟ್ಟದಲ್ಲೇ ಕೆಲವೇ ದಿನಗಳಲ್ಲಿ ತೀರ್ಮಾನವಾಗಬೇಕು. ಬೆಳೆಹಾನಿ ಪರಿಹಾರವೂ ಹಾನಿಗೆ ತಕ್ಕಂತೆ ಸಿಗಬೇಕು. ರಾತ್ರಿಯ ಕರೆಂಟನ್ನು ಹಗಲಿಗೆ ತಂದರೆ ಪ್ರಾಣಾಪಾಯದ ಅರ್ಧ ಭಾಗ ತಾನಾಗಿ ತಗ್ಗೀತು.

ಈ ಬೇಡಿಕೆಗಳನ್ನೂ, ಕತ್ತಲಲ್ಲಿ ಗುಂಡು ಹಾರಿಸುವುದಿಲ್ಲವೆಂಬ ನಿರ್ಣಯವನ್ನೂ ಮುಂಬರುವ ಮಹಾಸಭೆಯಲ್ಲಿ ಒಟ್ಟಿಗೇ ಮಂಡಿಸಲಿದ್ದೇವೆ. ಸರ್ಕಾರದ ಮುಂದೆ ನಿಂತು ಕೇಳುವವರು ತಮ್ಮ ಮನೆಯ ಕೋವಿಯ ಬಗ್ಗೆ ಮೊದಲು ಶಿಸ್ತು ತೋರಿಸಿದರೆ ಆ ಕೇಳಿಕೆಗೆ ತೂಕ ಬರುತ್ತದೆ. ಸದಸ್ಯರೆಲ್ಲರೂ ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ. ಭಿನ್ನಾಭಿಪ್ರಾಯವಿದ್ದವರು ಅವಶ್ಯವಾಗಿ ಬರಬೇಕು.

— ಕಾರ್ಯದರ್ಶಿ